ಹುಲಿಗೆಮ್ಮ ಬಚ್ಚಿಟ್ಟ ನೀಲಿ ಡ್ರಮ್ಮು

ನಾನು ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು. ಬಿಸಿ ಅಚ್ಚಿನಿಂದ ಹೊರಬಿದ್ದಾಗ ನನಗೊಂದು ಕಪ್ಪು ಮುಚ್ಚಳವೂ ಇತ್ತು. ಮೊದಲು ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಮಾವಿನ ಮಿಡಿ ತುಂಬಿಕೊಂಡು ಕೂತೆ. ಆಮೇಲೆ ಗುಜರಿಯವನ ಕೈ ಸೇರಿದೆ. ಅಲ್ಲಿ ಮುಚ್ಚಳ ಕಳೆಯಿತು. ಹೋದರೆ ಹೋಗಲಿ, ಟೋಪಿ ಇಲ್ಲದೆ ಎಷ್ಟು ಜನ ಬದುಕುವುದಿಲ್ಲ ಎಂದುಕೊಂಡೆ.

ನನ್ನನ್ನು ಕೊಂಡವಳು ಹುಲಿಗೆಮ್ಮ. ಕೊಪ್ಪಳದ ಕಡೆಯಿಂದ ಗಂಡ ಯಮನೂರಪ್ಪನ ಜೊತೆ ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದವಳು. ಏಳುತ್ತಿದ್ದ ದೊಡ್ಡ ಕಟ್ಟಡದ ಬುಡದಲ್ಲಿ ಅವರ ತಗಡಿನ ಶೆಡ್ಡು, ಅದರ ಬಾಗಿಲಲ್ಲಿ ನಾನು. ಆಗ ಅವಳು ಬಸುರಿ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲವಾದರೂ ಕೂಸು ಉಳಿಯಲಿ ಎಂದು ಇಬ್ಬರೂ ಜೀವ ಕೈಯಲ್ಲಿ ಹಿಡಿದುಕೊಂಡಿದ್ದರು.

ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು, ಬಂದ ದಿನ ಬಂತು. ನೂಕುನುಗ್ಗಲಿನಲ್ಲಿ ಬೈದಾಡಿ ಹಿಡಿದ ನೀರನ್ನು ಅವಳು ತುಪ್ಪದಂತೆ ಬಳಸುತ್ತಿದ್ದಳು. ತಳದ ನೀರನ್ನು ಎಂದೂ ಚೆಲ್ಲಲಿಲ್ಲ, ಅದರ ಮೇಲೆಯೇ ಹೊಸ ನೀರು. ಕೆಲವೇ ದಿನಗಳಲ್ಲಿ ನನ್ನ ಹೊಟ್ಟೆಯಲ್ಲಿ ಸಣ್ಣ ಸಣ್ಣ ಹುಳಗಳು ಓಡಾಡತೊಡಗಿದವು. ನಾನೂ ತಾಯಿಯಾದೆ ಎಂದು ಹಿಗ್ಗಿದೆ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ!

ಆರೋಗ್ಯ ಇಲಾಖೆಯವರು ಬರುತ್ತಾರೆಂದರೆ ಶೆಡ್ಡುಗಳಲ್ಲಿ ಗಡಿಬಿಡಿ. ನಿಂತ ನೀರು ಕಂಡರೆ ಅವರು ಚೆಲ್ಲಿಸುತ್ತಿದ್ದರು. ಆಮೇಲೆ ಎಸರಿಡಲು ನೀರು ಎಲ್ಲಿಂದ ತರಬೇಕು? ಎಲ್ಲರೂ ಡ್ರಮ್ಮು ಬಚ್ಚಿಡುತ್ತಿದ್ದರು. ಹುಲಿಗೆಮ್ಮನೂ ನನ್ನ ಮುಂದೆ ಸೆಂಟ್ರಿಂಗ್ ಹಲಗೆ ನಿಲ್ಲಿಸಿ, ಮೇಲೊಂದು ಗೋಣಿ ಎಳೆದು, "ಎರಡು ಕೊಡ ಬಿಟ್ರ ನಮ್ಮಲ್ಲಿ ಏನೂ ಇಲ್ರೀ ಅಕ್ಕಾರ" ಎಂದಳು. ಆಶಾ ಕಾರ್ಯಕರ್ತೆ ವಾರಿಜಕ್ಕ ನಂಬಿ ಹೋದಳು. ನಾನು ಒಳಗೊಳಗೇ ನಕ್ಕೆ.

ಆಮೇಲೆ ಹುಲಿಗೆಮ್ಮನಿಗೆ ಚಳಿಜ್ವರ ಬಂತು. ಸುಡುವ ಮಧ್ಯಾಹ್ನದಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದವು. ಯಮನೂರಪ್ಪ ಇದ್ದಬದ್ದ ಕೌದಿಯನ್ನೆಲ್ಲ ಹೊದಿಸಿದ. ಜ್ವರ ಬಿಟ್ಟಾಗ, "ಊರು ಬದ್ಲಾಗೇತಿ, ಅದಕ್ಕ" ಎಂದು ಎದ್ದು ಜಲ್ಲಿ ಹೊರಲು ಹೋದಳು. ಜ್ವರ ಮತ್ತೆ ಬಂತು. ಅವಳು ಏಳಲಾರದೆ ಬಿದ್ದಾಗ ಯಮನೂರಪ್ಪ ವಾರಿಜಕ್ಕನನ್ನು ಕರೆತಂದ. ಆಕೆ ಹುಲಿಗೆಮ್ಮನ ಬೆರಳು ಚುಚ್ಚಿ ರಕ್ತ ನೋಡಿದಳು.

"ಮಲೇರಿಯಾ ಮಾರಾಯ್ರೆ! ಬಸುರಿ ಹೆಂಗಸನ್ನು ಇಟ್ಟುಕೊಂಡು ಇಷ್ಟು ದಿನ ಎಂತ ಮಾಡ್ತಾ ಇದ್ರಿ?"

ಹುಲಿಗೆಮ್ಮನನ್ನು ಆಟೋದಲ್ಲಿ ಒಯ್ದು ದೊಡ್ಡಾಸ್ಪತ್ರೆಗೆ ಸೇರಿಸಿ, ವಾರಿಜಕ್ಕ ಯಮನೂರಪ್ಪನ ಜೊತೆ ಶೆಡ್ಡಿಗೆ ಬಂದಳು. ಹಲಗೆ ಸರಿಸಿ, ನನ್ನ ನೀರನ್ನು ಬಿಳಿ ಬಟ್ಟಲಿನಲ್ಲಿ ಮೊಗೆದು ಅವನ ಮುಖದೆದುರು ಹಿಡಿದಳು.

"ನೋಡಿ, ಸೊಳ್ಳೆ ಮರಿ. ಇದು ಚರಂಡಿಯಲ್ಲಿ ಅಲ್ಲ, ಈ ಚಂದದ ನೀರಲ್ಲೇ ಹುಟ್ಟುದು. ಜ್ವರದವರ ರಕ್ತ ಕುಡಿದು ಬಂದು ಇನ್ನೊಬ್ಬರನ್ನು ಕಚ್ಚುದು."

ನಾನು ಹೌಹಾರಿದೆ. ಇವೇ? ಮಕ್ಕಳೆಂದು ನಾನು ಸಾಕಿದ್ದು ಇವನ್ನೇ? ಹುಲಿಗೆಮ್ಮನ ಮನೆಬಾಗಿಲಲ್ಲೇ ಕೂತು, ಅವಳು ಕೊಟ್ಟ ನೀರಿನಲ್ಲೇ?

ಹುಲಿಗೆಮ್ಮ ಬದುಕಿ ಬಂದಳು, ಕೂಸು ಉಳಿಯಲಿಲ್ಲ. ಯಮನೂರಪ್ಪ ಹಾರೆ ಎತ್ತಿಕೊಂಡು ನನ್ನ ಮೇಲೆ ಬಂದ. ಒಡೆಯಲಿ ಎಂದೇ ನಾನು ಬಯಸಿದೆ. ಅವಳು ಅಡ್ಡ ನಿಂತಳು.

"ಒಡದ್ರ ನಾಳಿ ನೀರು ಯಾತರಾಗ ಹಿಡಿಯೂಣು?"

ಅಷ್ಟೇ ಅಂದಳು. ನನ್ನನ್ನು ಉರುಳಿಸಿ ತಳದ ನೀರು ಚೆಲ್ಲಿದಳು, ತೆಂಗಿನ ನಾರಿನಿಂದ ಉಜ್ಜಿ ಬಿಸಿಲಿಗೆ ಒಣಗಿಸಿದಳು. ಮರುದಿನ ನೀರು ತುಂಬಿದ ಮೇಲೆ ಹಳೆಯ ಮೆತ್ತನೆ ಸೀರೆಯೊಂದನ್ನು ತಂದು ನನ್ನ ಬಾಯಿಗೆ ಬಿಗಿಯಾಗಿ ಕಟ್ಟಿದಳು. ಕೂಸನ್ನು ತೂಗುವ ಜೋಳಿಗೆಗೆಂದು ಎತ್ತಿಟ್ಟುಕೊಂಡಿದ್ದ ಸೀರೆ ಅದು.

ಕಟ್ಟಡ ಮುಗಿಯಿತು. ಅಂಚು ಸೀಳಿಹೋದ ನನ್ನನ್ನು ಕಾಂಪೌಂಡಿನ ಹಿಂದೆ ಬೋರಲು ಹಾಕಿ ಅವರು ಬೇರೆ ಊರಿಗೆ ಹೋದರು. ಮೊನ್ನೆ ಯಾರೋ ದಾರಿಗೆ ಅಡ್ಡವೆಂದು ನನ್ನನ್ನು ಎತ್ತಿ ಬದಿಗೆ ನೆಟ್ಟಗೆ ನಿಲ್ಲಿಸಿದ್ದಾರೆ. ರಾತ್ರಿಯೆಲ್ಲ ಮಳೆ ಸುರಿದು ಹೊಟ್ಟೆಯಲ್ಲಿ ಗೇಣುದ್ದ ನೀರು ನಿಂತಿದೆ. ಗೋಡೆಯಾಚೆ ಹೊಸ ಶೆಡ್ಡುಗಳು ಎದ್ದಿವೆ, ಅಲ್ಲೊಬ್ಬಳು ತುಂಬು ಬಸುರಿ ಬಟ್ಟೆ ಒಣಹಾಕುತ್ತಿದ್ದಾಳೆ. ಕೂಗೋಣವೆಂದರೆ ಇಷ್ಟಗಲ ಬಾಯಿದ್ದೂ ನನಗೆ ದನಿಯಿಲ್ಲ. ಈ ದಾರಿಯಲ್ಲಿ ಹೋಗುವವರೇ, ದಮ್ಮಯ್ಯ, ನನ್ನನ್ನು ಒಮ್ಮೆ ಒದ್ದು ಉರುಳಿಸಿ.