ಟ್ರಂಕು ಗಾಡಿಗೆ ನೆಟ್ ಬಂದದ್ದು

ದಾವಲ್ ಸಾಬ್ ಕಟ್ಟಿದ ಮನೆಗಾಡಿಯನ್ನು ಮೊದಲ ಸಲ ನೋಡಿದಾಗ ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು. ಹರಪನಹಳ್ಳಿಯ ಎರಡು ಗುಬ್ಬಿಗಳು ಬಂದು, ಇಲ್ಲಿ ಗೂಡು ಕಟ್ಟಬಹುದೇ ಎಂದು ಬಾಯೊಳಗೆ ಇಣುಕಿ ನೋಡಿ ಹೋದವು.

ನಾನು ಗಾದೆಪ್ಪ, ಡ್ರೈವರ್. ಸಾಬ್ ನನ್ನ ಗೆಳೆಯ. ಅವನದು ಟ್ರಂಕು ಮಾಡುವ ಮನೆತನ. ಅವನ ಅಜ್ಜ ಮಾಡಿದ ಟ್ರಂಕೊಂದು ತುಂಗಭದ್ರೆಯ ಪ್ರವಾಹದಲ್ಲಿ ತೇಲಿ ಹೋಗಿ, ಹಡಗಲಿ ಕಡೆ ಸಿಕ್ಕಾಗ ಒಳಗಿದ್ದ ಸೀರೆಯ ಮಡಿಕೆ ಕೂಡ ಕೆಟ್ಟಿರಲಿಲ್ಲ. ನೀರು, ಇಲಿ, ಇರುವೆ, ಕಳ್ಳ ಯಾರೂ ಒಳಗೆ ಹೋಗಬಾರದು, ಅದೇ ಆ ಮನೆತನದ ಮರ್ಯಾದೆ.

ಇಂಥವನು ಒಂದು ಹಳೆಯ ಮಿನಿ ಬಸ್ಸು ತಂದು, ಕಿಟಕಿಯ ಗಾಜುಗಳನ್ನೆಲ್ಲ ಕಿತ್ತು ಎಸೆದ. ನಾಲ್ಕೂ ಕಡೆ, ಮೇಲೆ, ಡ್ರೈವರ್ ಸೀಟಿನ ಹಿಂದೆ, ಎಲ್ಲ ಕಡೆ ದಪ್ಪ ತಗಡು ಹೊಡೆದ. ಕಿಟಕಿಗಳಿಗೂ ತಗಡಿನ ಬಾಗಿಲು, ಸುತ್ತ ರಬ್ಬರ್ ಪಟ್ಟಿ. ಮದುವೆ ಟ್ರಂಕಿನ ಮೇಲೆ ಬರೆಯುವ ಹಾಗೆ ಮೈತುಂಬ ಗುಲಾಬಿ, ಮಾಳಿಗೆಯ ಮೇಲೆ ಗರಿಗೆದರಿದ ನವಿಲು ಬರೆದ.

"ಮಾಳಿಗಿ ಮ್ಯಾಲಿನ ನವಿಲು ಯಾರು ನೋಡ್ತಾರಲೇ?" ಅಂದೆ.

"ಮ್ಯಾಲಿರೋ ಮಾಲೀಕ ನೋಡ್ತಾನ. ನಿನಗ್ಯಾಕ ಚಿಂತಿ?" ಅಂದ.

ಒಳಗೆ ಮಂಚ, ಗ್ಯಾಸ್ ಒಲೆ, ನಲ್ಲಿ ಕೂಡಿಸಿದ ನೀರಿನ ಡ್ರಮ್ಮು, ಸೋಲಾರಿನಿಂದ ತುಂಬುವ ಬ್ಯಾಟರಿ, ಮಗಳು ತಮನ್ನಾಳ ಹೊಲಿಗೆ ಮಷೀನು, ಬಟ್ಟೆ ಕತ್ತರಿಸುವ ಮೇಜು. ಮೂಲೆಯಲ್ಲಿ, ಮಾಳಿಗೆಗೆ ಅಂಟಿದಂತೆ, ಸಿಮ್ ಹಾಕಿದ ನೆಟ್ ಡಬ್ಬಿ. ಅದಕ್ಕೆ ಮೇಕೆಯ ಹಾಗೆ ಎರಡು ಕೋಡು. ಕಳ್ಳರು ಒಯ್ಯಬಾರದೆಂದು ಅದರ ಸುತ್ತ ಪಟ್ಟಿ ಕಟ್ಟಿ ರಿವೆಟ್ ಹೊಡೆದಿದ್ದ.

ಆ ನೆಟ್ಟಿನ ಮೇಲೆ ತಮನ್ನಾಳ ಜೀವ ಇತ್ತು. ಹೊಸಪೇಟೆಯ ಒಂದು ಹೊಲಿಗೆ ಕೇಂದ್ರದಲ್ಲಿ ಟೀಚರ್ ಕೆಲಸ ಖಾಲಿ ಇತ್ತು. ಪುಷ್ಪಲತಾ ಮೇಡಂ ಅನ್ನುವವರು ವಿಡಿಯೋದಲ್ಲಿ ಪರೀಕ್ಷೆ ಮಾಡುತ್ತಾರೆ. ಅವರ ಕಣ್ಣೆದುರಿಗೇ ಬ್ಲೌಸು ಕತ್ತರಿಸಿ ಹೊಲಿದು ತೋರಿಸಬೇಕು. ಪರೀಕ್ಷೆ ಬುಧವಾರ. ಸಾಬನಿಗೋ ಸೋಮವಾರವೇ ಹೊರಡುವ ಹುಚ್ಚು. ಹೆಂಡತಿ ದಾವಲ್ ಬೀಗೆ ಊರೂರು ತೋರಿಸಿ, ಹಡಗಲಿಯ ಅವಳ ತಂಗಿಯ ಮನೆಯ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯಬೇಕು, ಅದು ಅವನ ಆಸೆ.

"ಅಬ್ಬಾ, ದಾರ್‍ಯಾಗ ನೆಟ್ ಕೈ ಕೊಟ್ರ? ಇದು ತಪ್ಪಿತಂದ್ರ ಜೀವನಪೂರ್ತಿ ಮಂದಿ ಜಂಪರಿಗೆ ಹುಕ್ಕು ಹಚ್ಚಿಕೋತ ಕೂಡಬೇಕು ನಾನು," ಎಂದು ತಮನ್ನಾ ಅಪ್ಪನಿಗೆ ಹೇಳಿದಳು.

"ನಮ್ಮ ಗಾಡ್ಯಾಗ ನೆಟ್ ಕೈ ಕೊಡೂದಿಲ್ಲ ಬೇಟಿ, ಕಾಲು ಚಾಚಿ ಮಲಗತೈತಿ. ಹಾಸಿಗಿ ಬೇಕಾದ್ರೂ ಹಾಸ್ತೀನಿ."

ಹೊರಟೆವು. ಮೊದಲ ರೋಡ್ ಹಂಪು ಹಾರುತ್ತಲೇ ಹಾಲಿನ ಪಾತ್ರೆ ಮಂಚ ಹತ್ತಿತು, ಮೊಟ್ಟೆಗಳು ಸಾಬನ ಟೋಪಿಯೊಳಗೆ ಇಳಿದವು. ದಾವಲ್ ಬೀ ಚಟ್ನಿಗೆಂದು ಮಿಕ್ಸಿ ಹಾಕಿದಳು. ಮಿಕ್ಸಿ ಒಮ್ಮೆ ಗುರ್ ಅಂದಿತು, ಬ್ಯಾಟರಿ ಕಣ್ಣು ಮುಚ್ಚಿತು. ಸಂಜೆವರೆಗೆ ಫ್ಯಾನೂ ಇಲ್ಲ, ನೆಟ್ಟೂ ಇಲ್ಲ. ಅಂದಿನಿಂದ ಮಿಕ್ಸಿಯ ವೈರಿಗೆ ಗಂಟು ಹಾಕಿ ಮೇಲಿಟ್ಟೆವು.

ಸಂಜೆ ನಮ್ಮ ತಾಲೂಕಿನದೇ ಆದ ಅರಸೀಕೆರೆಯಲ್ಲಿ ನಿಲ್ಲಿಸಿದಾಗ ಬ್ಯಾಟರಿ ಎದ್ದು ಕೂತಿತ್ತು. ಗಾಡಿ ನೋಡಲು ಜನ ಸೇರಿದ್ದರು; ಸಾಬ್ ಬಾಗಿಲು, ಕಿಟಕಿ ಎಲ್ಲ ತೆರೆದು ಪ್ರದರ್ಶನಕ್ಕೆ ಇಟ್ಟಿದ್ದ. ತಮನ್ನಾ ಗೆಳತಿ ಸಮತಾಗೆ ವಿಡಿಯೋ ಕಾಲ್ ಹಚ್ಚಿದಳು. ಸಮತಾ ಎದುರಿಗೇ ಬಂದು ಕೂತಂತೆ ಕಂಡಳು.

"ತಮನ್ನಾ, ನಿಮ್ಮಪ್ಪನ ಹಲ್ಲಾಗ ಕೊತ್ತಂಬರಿ ಸಿಕ್ಕೈತಿ, ತಕ್ಕೊಳಾಕ ಹೇಳು."

ಸಾಬ್ ಹಲ್ಲು ಕಿಸಿದು ನನ್ನ ಕಡೆ ನೋಡಿದ. "ಕೇಳಿದೇನಲೇ ಗಾದ್ಯಾ? ಕೊತ್ತಂಬರಿ ಎಸಳು ಸೈತ ಕಾಣತೈತಿ!"

ಮರುದಿನ ಉಜ್ಜಿನಿ. ಗಾಳಿ ಅಂದರೆ ಎಂಥ ಗಾಳಿ! ನನ್ನ ಮೀಸೆ ಎಡಗಡೆಯದು ಬಲಗಡೆಗೆ ಹೋಗಿ ಕೂತಿತು. ಧೂಳು ಬರುತ್ತದೆಂದು ದಾವಲ್ ಬೀ ಬಾಗಿಲು, ಕಿಟಕಿ ಬಿಗಿಯಾಗಿ ಹಾಕಿದಳು. ಸ್ವಲ್ಪ ಹೊತ್ತಿಗೆ ತಮನ್ನಾ ಕಿರುಚಿದಳು.

"ನೆಟ್ ಹೋತು! ಒಂದು ಕಡ್ಡಿನೂ ಇಲ್ಲ!"

ಸಾಬ್ ಡಬ್ಬಿಯನ್ನು ತಟ್ಟಿದ, ಒರೆಸಿದ, ಮುದ್ದು ಮಾಡಿದ. ಆಮೇಲೆ ಟವರ್ ಹುಡುಕುತ್ತೇನೆಂದು ತನ್ನ ಫೋನ್ ಹಿಡಿದು ಹೊರಗೆ ಹೋದ.

"ಇಲ್ಲಿ ತುಂಬಿ ತುಳುಕಾಕತ್ತೈತಲೇ!" ಎಂದು ಹೊರಗಿನಿಂದ ಕೂಗಿದ. ಅದೇ ಫೋನ್ ಹಿಡಿದು ಒಳಗೆ ಬಂದು ಧೂಳಿಗೆ ಹೆದರಿ ಬಾಗಿಲು ಹಾಕಿದ. ಒಂದೂ ಕಡ್ಡಿ ಇಲ್ಲ. ಮತ್ತೆ ಹೊರಗೆ ಹೋದ, ಇದೆ. ಒಳಗೆ ಬಂದ, ಇಲ್ಲ. ಅವನ ಮುಖ ಸುಣ್ಣ ಬಳಿದ ಗೋಡೆಯಂತಾಯಿತು.

ದಾವಲ್ ಬೀ ಮಾತ್ರ ತಡಮಾಡದೆ ಕಾರಣ ಹೇಳಿದಳು. "ಗಾಡಿಗೆ ನಜರ್ ಆಗೈತಿ. ನಿನ್ನಿ ಅರಸೀಕೆರ್‍ಯಾಗ ಒಬ್ಬಾಕಿ ಕಣ್ಣು ಪಿಳಿಕಿಸದಂಗ ನೋಡ್ಲಿಲ್ಲೇನು? ಆಕಿ ಕಣ್ಣೇ ಡಬ್ಬಿ ಮ್ಯಾಲ ಬಿದ್ದೈತಿ."

ಉಪ್ಪು, ಒಣ ಬ್ಯಾಡಗಿ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನೆಟ್ ಡಬ್ಬಿಗೆ ನಿವಾಳಿಸಿ, ಕಾದ ಹಂಚಿನ ಮೇಲೆ ಹಾಕಿದಳು. ಅಬ್ಬಬ್ಬ, ಆ ಘಾಟು! ಮಾಳಿಗೆಯ ನವಿಲು ಕೂಡ ಸೀನಿತು. ಎದೆ ಹಿಡಿದುಕೊಂಡು, ಬಾಗಿಲು ಕಿಟಕಿ ಒದ್ದು ತೆರೆದು, ನಾವೆಲ್ಲ ಹೊರಗೆ ಬಿದ್ದೆವು. ಕಣ್ಣೊರೆಸಿಕೊಂಡು ತಮನ್ನಾ ಒಳಗಿದ್ದ ಫೋನನ್ನು ಇಣುಕಿ ನೋಡಿದಳು.

"ಅಮ್ಮೀ! ಬಂತು! ಪೂರಾ ಬಂತು!"

ನಾನು ಸುಮ್ಮನಿರದೆ ಕೇಳಿದೆ, "ಘಾಟು ಬಂದ್ರ ದಿಷ್ಟಿ ಆಗಿಲ್ಲ ಅಂತಾರಲ್ಲ ಭಾಬಿ?"

"ಅದು ಮನುಷ್ಯಾರಿಗೆ, ಗಾದೆಪ್ಪಣ್ಣಾ. ಗಾಡಿಗೆ ಹಂಗಲ್ಲ," ಎಂದಳು.

ಆ ರಾತ್ರಿ ಕೊಟ್ಟೂರಿನಲ್ಲಿ ಬಾಗಿಲು ಹಾಕಿ ಮಲಗಿದೆವು, ನೆಟ್ ಸತ್ತಿತ್ತು. ಬೆಳಿಗ್ಗೆ ಚಹಾಕ್ಕಿಂತ ಮೊದಲು ಮೆಣಸಿನಕಾಯಿ ಸುಟ್ಟೆವು, ನೆಟ್ ಎದ್ದಿತು. ಆ ಓಣಿಯ ಬೆಕ್ಕು, ಕೋಳಿ, ಹಾಲಿನವನ ಬೈಕು ಎಲ್ಲ ಸೀನಿದವು. ಇನ್ನು ಸಂಶಯವೇ ಉಳಿಯಲಿಲ್ಲ. ಸಾಬ್ ಕಿರಾಣಿ ಅಂಗಡಿಗೆ ಹೋಗಿ ಒಂದು ಚೀಲ ಮೆಣಸಿನಕಾಯಿ ತಂದು, ರೀಚಾರ್ಜ್ ಆಯಿತು ಎಂದ.

ಬುಧವಾರ ಪರೀಕ್ಷೆಯ ಹೊತ್ತಿಗೆ ಕೋಗಳಿ ಸಮೀಪ, ಒಂದು ಗೋಕಟ್ಟೆಯ ಪಕ್ಕದ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ. ನರಪಿಳ್ಳೆ ಇರಲಿಲ್ಲ. ಮೆಣಸಿನಕಾಯಿ ಸುಟ್ಟು, ಸೀನಿ, ಬಾಗಿಲು ತೆರೆದು, ಹೊಗೆ ಹೋದ ಮೇಲೆ ತಮನ್ನಾ ಮೇಜಿನ ಮುಂದೆ ನಿಂತಳು. ಫೋನಿನಲ್ಲಿ ಮೇಡಂ ಬಂದರು. ಕನ್ನಡಕ ಹಾಕಿಕೊಂಡ, ಗಂಭೀರ ಹೆಂಗಸು.

"ಶುರು ಮಾಡಮ್ಮ," ಎಂದರು. ತಮನ್ನಾ ಸೀಮೆಸುಣ್ಣದಿಂದ ಗೆರೆ ಎಳೆದಳು. ಅವಳ ಗೆರೆ ನೋಡಿದರೆ ಹೈವೇ ರಸ್ತೆ ನಾಚಬೇಕು.

ಆಗ ಬಂದವು ಕುರಿ. ಗೋಕಟ್ಟೆಗೆ ನೀರು ಕುಡಿಯಲು ಒಂದು ಹಿಂಡು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮೋಡದ ನೆರಳು ಬಂದ ಹಾಗೆ ಮತ್ತೊಂದು. ಗಾಡಿ ನಡುನೀರಿನ ಬಂಡೆಯಾಯಿತು. ನಾನು ಕುರಿ ಕಾಯುವವರ ಮನೆಯಲ್ಲೇ ಹುಟ್ಟಿದವನು, ಆದರೂ ಅಷ್ಟು "ಬ್ಯಾ" ಒಮ್ಮೆಗೇ ಕೇಳಿದವನಲ್ಲ.

"ಏನಮ್ಮ ಅದು ಗದ್ದಲ? ನನಗೇನೂ ಕೇಳ್ತಿಲ್ಲ. ಬಾಗಿಲು ಹಾಕ್ರಿ," ಎಂದರು ಮೇಡಂ.

ಸಾಬ್ ಓಡಿ ಬಾಗಿಲು, ಕಿಟಕಿ ಹಾಕಿದ. ಹಾಕಿದ ಕೂಡಲೇ ಮೇಡಂ ಬಾಯಿ ತೆರೆದ ಹಾಗೇ ಕಲ್ಲಾದರು, ಆಮೇಲೆ ಮಾಯವಾದರು.

"ನಜರ್! ಕುರಿ ಕಣ್ಣು ಬಿತ್ತು!" ಎಂದು ದಾವಲ್ ಬೀ ಇದ್ದ ಮೆಣಸಿನಕಾಯಿಯನ್ನೆಲ್ಲ ಹಂಚಿಗೆ ಸುರಿದಳು. ಗಾಡಿ ಕಪ್ಪು ಹೊಗೆಯಲ್ಲಿ ಮುಳುಗಿತು. ನಾನು ತಡಕಾಡಿ ಬಾಗಿಲು ತೆರೆದೆ. ಮೇಡಂ ಮತ್ತೆ ಮೂಡಿದರು. ಅವರಿಗೆ ಕಂಡದ್ದು ಹೊಗೆ. ಹೊಗೆಯೊಳಗೆ ಕಣ್ಣೀರು ಸುರಿಸುತ್ತ ಕೆಮ್ಮುವ ಹುಡುಗಿ. ಹುಡುಗಿಯ ಹಿಂದೆ, ಮೆಟ್ಟಿಲು ಹತ್ತಿ ನಿಂತು ಪರೀಕ್ಷೆ ನೋಡುತ್ತಿದ್ದ ಟಗರು.

ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯೋ! ಮನೆಗೆ ಬೆಂಕಿ ಬಿದ್ದಿದೆಯೇನಮ್ಮ? ಹೊರಗೆ ಓಡು!"

"ಇಲ್ಲ ಮೇಡಂ, ಇದು... ಇದು ನೆಟ್ಟಿಗೆ ಮಾಡಿದ್ದು," ಎಂದಳು ತಮನ್ನಾ.

ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಕೊನೆಗೆ, "ನಿನ್ನ ಗೆರೆ ನೋಡಿದ್ದೀನಿ, ಅದಕ್ಕೇ ಇನ್ನೊಂದು ಅವಕಾಶ ಕೊಡ್ತೀನಿ. ಮುಖ ತೊಳ್ಕೋ. ಅರ್ಧ ಗಂಟೆ ಬಿಟ್ಟು ಕಾಲ್ ಮಾಡ್ತೀನಿ. ಗದ್ದಲ ಇರಬಾರದು, ನಡುವೆ ಕಟ್ ಆಗಬಾರದು. ಮತ್ತೆ ಹೀಗಾದರೆ ಬೇರೆಯವರನ್ನ ನೋಡ್ಕೋತೀನಿ," ಎಂದು ಹೋದರು.

ಹಿಂಡಿನ ಹಿಂದೆ ಬಂದ ಕುರಿಗಾಹಿ ಮೈಲಾರೇಶ್ ನನಗೆ ದೂರದ ಸಂಬಂಧಿ. "ಲೋ ತಮ್ಮಾ, ಇವನ್ನ ಹೊಡಕೊಂಡು ಹೋಗೋ!" ಎಂದು ಕೂಗಿದೆ.

"ನೀರು ಕುಡ್ಯಾಕತ್ತಾವ ಮಾವಾ, ನಾ ಹೇಳಿದ್ರ ಕೇಳ್ತಾವೇನು? ಗಾಡಿನ ನೀನ ಸರಿಸು!" ಎಂದ. ಗಾಲಿಯ ಅಡಿಯಲ್ಲೇ ಮರಿಗಳು ಮಲಗಿದ್ದವು, ಎಲ್ಲಿ ಸರಿಸಲಿ?

ತಮನ್ನಾ ಮುಖ ತೊಳೆದು ಬಂದು ಬಾಗಿಲಿಗೆ ಕೈ ಹಚ್ಚಿದವಳು ಹಾಗೇ ನಿಂತಳು. ಬಾಗಿಲು ಎಳೆದಳು, ಫೋನ್ ನೋಡಿದಳು. ತೆರೆದಳು, ನೋಡಿದಳು. ಮತ್ತೆ ಎಳೆದಳು. ಆಮೇಲೆ ನಿಧಾನವಾಗಿ ತಂದೆಯ ಕಡೆ ತಿರುಗಿದಳು.

"ಅಬ್ಬಾ... ನಜರ್ ಅಲ್ಲ ಇದು. ಮೆಣಸಿನಕಾಯಿ ಸುಟ್ಟಾಗೆಲ್ಲ ನಾವು ಬಾಗಲಾ ತಗದೀವಿ. ಅದಕ್ಕ ಬಂದೈತಿ. ಬಾಗಲಾ ಹಾಕಿದ್ರ ನಿಮ್ಮ ತಗಡು ನೆಟ್ಟನ್ನ ಒಳಗ ಬಿಡವಲ್ದು."

ಸಿಡಿಲು ಹೊಡೆದಂತಾಯಿತು. ಸಾಬ್ ತಗಡನ್ನು ಮುಟ್ಟಿದ, ನಮ್ಮ ಮುಖ ನೋಡಿದ. "ನೀರು ಬರಬಾರದು, ಇಲಿ ಬರಬಾರದು ಅಂತ ಕಟ್ಟಿದ್ನವ್ವಾ. ನೆಟ್ಟೂ ಬರಲಾರದಂಗ ಕಟ್ಟಿದ್ನೇನು ನಾನು?" ಎಂದ. ಅವನ ದನಿಯಲ್ಲಿ ಅರ್ಧ ದುಃಖ ಇತ್ತು. ಇನ್ನರ್ಧ, ನಿಜ ಹೇಳಬೇಕೆಂದರೆ, ಹೆಮ್ಮೆ.

"ಡಬ್ಬಿ ಕಿತ್ತು ಹೊರಗ ಇಟ್ರ?" ಅಂದೆ.

"ಹೊರಗಿನ ಡಬ್ಬಿದು ಒಳಗ ಹೆಂಗ ಬರತೈತಿ ಕಾಕಾ? ತಗಡು ಅದನ್ನೂ ತಡೀತೈತಿ," ಎಂದಳು ತಮನ್ನಾ. "ಕೋಡು ಹೊರಗ ಇರಬೇಕು, ಹೊಟ್ಟಿ ಒಳಗ ಇರಬೇಕು."

ಅಂದರೆ ಮಾಳಿಗೆಗೆ ತೂತು. ಸರಿಯಾಗಿ ನವಿಲಿನ ಎದೆಗೆ.

ಸಾಬ್ ಉಳಿ, ಸುತ್ತಿಗೆ ತೆಗೆದುಕೊಂಡು ಮೇಲೆ ಹತ್ತಿದ, ಹಿಂದೆಯೇ ನಾನು. ನವಿಲಿನ ಮೇಲೆ ಉಳಿ ಇಟ್ಟವನು ಸುತ್ತಿಗೆಯನ್ನು ನನ್ನ ಕಡೆ ಚಾಚಿದ. "ಗಾದ್ಯಾ, ನೀ ಹೊಡಿ. ಮೂರು ತಲಿಯಿಂದ ನಮ್ಮ ಮನ್ಯಾಗ ಯಾರೂ ಪೆಟ್ಟಿಗಿಗೆ ತೂತು ಹೊಡದಿಲ್ಲ."

"ನಾ ಹೊಡದ್ರ ಉಳಿ ಗಾಡಿ ಹಾಯ್ದು, ಭೂಮಿ ಹಾಯ್ದು ಪಾತಾಳಕ್ಕ ಹೋಗತೈತಿ. ನಿನ್ನ ಮಗಳು, ನಿನ್ನ ತಗಡು. ನೀನ ಹೊಡಿ."

ಕೆಳಗಿನಿಂದ ತಮನ್ನಾ ಕೂಗಿದಳು, "ಅಬ್ಬಾ, ಹೊತ್ತಾತು!"

ಸಾಬ್ ಕಣ್ಣು ಮುಚ್ಚಿ ಹೊಡೆದ. ಕುರಿಗಳೆಲ್ಲ ಒಮ್ಮೆಗೇ ಸುಮ್ಮನಾದವು. ಮತ್ತೆ ಹೊಡೆದ. ಆ ತಗಡು ಅವನ ಮಾತನ್ನೇ ಕೇಳಲಿಲ್ಲ, ಅಷ್ಟು ಗಟ್ಟಿ. ಬೆವರು ಧಾರೆಯಾಗಿ ಇಳಿಯಿತು. ಕೊನೆಗೆ ನವಿಲಿನ ಎದೆ ಬಿರಿದು, ಬೆಳಕಿನ ಕೋಲೊಂದು ಗಾಡಿಯೊಳಗೆ ಇಳಿಯಿತು. ಒಳಗಿನಿಂದ ದಾವಲ್ ಬೀ ರಿವೆಟ್ ಕಿತ್ತು ಡಬ್ಬಿಯನ್ನು ಮೇಲೆ ನೂಕಿದಳು. ನವಿಲಿಗೆ ಎರಡು ಕೋಡು ಮೂಡಿದವು.

ಬಾಗಿಲು ಹಾಕಿದೆವು, ಕಿಟಕಿ ಹಾಕಿದೆವು. ಯಾರಿಗೂ ಫೋನ್ ನೋಡುವ ಧೈರ್ಯ ಇಲ್ಲ. ಅಷ್ಟರಲ್ಲಿ ಅದೇ ಹಾಡತೊಡಗಿತು. ಮೇಡಂ!

ಟ್ರಂಕು ಮನೆತನದ ಕೆಲಸ ನೋಡಿ: ಹೊರಗೆ ಅಷ್ಟು ಕುರಿ ಅರಚುತ್ತಿದ್ದರೂ ಒಳಗೆ ಕತ್ತರಿಯ ಸದ್ದು ಮಾತ್ರ. ತಮನ್ನಾ ಕತ್ತರಿಸಿದಳು, ಕೂಡಿಸಿದಳು, ಹೊಲಿದಳು. ಒಳಗೆ ಸೆಖೆ ಎಂದರೆ ನಾನು ಅರ್ಧ ಕರಗಿದೆ. ಕೊನೆಗೆ ಮೇಡಂ ಬ್ಲೌಸನ್ನು ಹಿಂದೆ ಮುಂದೆ ತಿರುಗಿಸಲು ಹೇಳಿ ನೋಡಿ, "ತೋಳಿನ ಹೊಲಿಗೆ ಇನ್ನೊಮ್ಮೆ ತೋರಿಸು," ಎಂದರು. ತೋರಿಸಿದಳು. "ತಿಳಿಸ್ತೀವಿ" ಎಂದು ಹೋದರು.

ಆ "ತಿಳಿಸ್ತೀವಿ" ನಮ್ಮನ್ನು ಹಗರಿಬೊಮ್ಮನಹಳ್ಳಿಯವರೆಗೆ ತಿಂದಿತು, ಹಡಗಲಿಯವರೆಗೆ ಜಗಿದು ನುಂಗಿತು. ದಾರಿಯಲ್ಲಿ ಮಳೆ ಬಂತು. ತೂತಿನಿಂದ ನೀರು ಸಾಬನ ಹಾಸಿಗೆಯ ಮೇಲೆ ತೊಟ್ಟಿಕ್ಕಿತು. ಅವನ ಅಜ್ಜನ ಕಾಲದಿಂದ ಆ ಮನೆತನದ ಪೆಟ್ಟಿಗೆಯೊಳಗೆ ಬಿದ್ದ ಮೊದಲ ನೀರು ಅದು. ಸಾಬ್ ಪ್ಲಾಸ್ಟಿಕ್ ಟಬ್ಬೊಂದನ್ನು ಮಾಳಿಗೆಗೆ ಒಯ್ದು ಕೋಡುಗಳ ಮೇಲೆ ಬೋರಲು ಹಾಕಿ, ಕಲ್ಲು ಹೇರಿ ಇಳಿದು ಬಂದ. ನವಿಲಿಗೆ ಟೋಪಿ ಆಯಿತು.

ಹಡಗಲಿಯಲ್ಲಿ ಸಾಬನ ನಾದಿನಿಯ ಮನೆಯ ಮುಂದೆ ಹಾರ್ನ್‌ಗೆ ಕೈ ಹಾಕಿದ್ದೆ, ಒಳಗೆ ಚೀರಾಟ ಕೇಳಿತು. ಮತ್ತೆ ಏನು ಕೆಟ್ಟಿತೋ ಎಂದು ಇಳಿದು ಹಿಂದಿನ ಬಾಗಿಲಿಗೆ ಓಡಿದೆ. ತಮನ್ನಾ ಫೋನನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ಒಂದನೇ ತಾರೀಕಿಗೆ ಬರಬೇಕಂತ, ಅಬ್ಬಾ! ಟೀಚರ್ ಅಂತ ಬರದಾರ ನನಗ!"

ಸಾಬ್ ತೂತಿನ ಕಡೆ ನೋಡಿದ, ಮಗಳ ಕಡೆ ನೋಡಿದ, ಒದ್ದೆ ಹಾಸಿಗೆಯ ಮೇಲೇ ಕುಸಿದು ಕೂತ. ನಾದಿನಿ ಓಡಿ ಬಂದು ಗಾಡಿ ನೋಡಿ, "ಯವ್ವಾ, ಎಷ್ಟು ಚಂದ ಐತಿ!" ಎಂದು ಗಲ್ಲದ ಮೇಲೆ ಕೈ ಇಟ್ಟಳು.

ದಾವಲ್ ಬೀ ತಂಗಿಯ ಕಣ್ಣುಗಳನ್ನೇ ನೋಡಿದಳು. ಹಂಚು ಒಲೆಗೆ ಏರಿಸಿ, ಮೆಣಸಿನಕಾಯಿ ಚೀಲದ ತಳದಲ್ಲಿ ಉಳಿದದ್ದನ್ನು ಅದರ ಮೇಲೆ ಕೊಡವಿದಳು.

ನಾವು ಹಾರ್ನ್ ಹೊಡೆಯುವುದನ್ನೂ ಮರೆತು ಓಡಿದೆವು.