ಕಳ್ಳ ಕುಬಸದ ದಿನ

ಕೆಂಡದ ಮಡಕೆಗೆ ಕಟ್ಟಿದ ಹಗ್ಗವನ್ನು ಚನ್ನು ಎತ್ತಿಕೊಳ್ಳುವಷ್ಟರಲ್ಲಿ ನೇತ್ರಾ ಅದರ ಇನ್ನೊಂದು ಬದಿ ಹಿಡಿದಳು.

"ನಾನು," ಎಂದಳು. ಹುಟ್ಟಿನಿಂದ ಕಿವಿ ಕೇಳದವಳು. ಆ ಒಂದು ಪದ ಗಂಟಲಿನ ಆಳದಿಂದ ದಪ್ಪಗೆ ಬಂತು.

ಡೊಂಬಿವಲಿಯ ಆ ಮೂರನೇ ಮಹಡಿಯ ಪ್ಯಾಸೇಜಿನಲ್ಲಿ ನಿಂತವರೆಲ್ಲ ಅವಳತ್ತ ತಿರುಗಿದರು. ಒಳಗೆ ಅವಳ ತಾಯಿ ಕಾಳವ್ವನನ್ನು ಚಟ್ಟಕ್ಕೆ ಕಟ್ಟಿ ಆಗಿತ್ತು. ಗಂಡ ಕಾಡಪ್ಪ ಹೋಗಿ ಎಂಟು ವರ್ಷ. ಗಂಡುಮಕ್ಕಳಿಲ್ಲ.

"ಏ, ನೀ ಬ್ಯಾಡವಾ," ಪಕ್ಕದ ಮನೆಯ ಚಂದ್ರಬಾಯಿ ಕೈಯಾಡಿಸಿದಳು. "ಚನ್ನು ಅದಾನಲ್ಲ. ನಿಮ್ಮತ್ತಿ ಮಗ ಅಂದ್ರ ನಿಮ್ಮವ್ವಗ ಮಗ ಇದ್ದಂಗನ."

"ಹುಡುಗಿಯೇ ಬೆಂಕಿ ಕೊಡ್ಲಿ ಬಿಡಿ ಮಾರಾಯ್ರೆ, ಈಗ ಎಲ್ಲಾ ಕಡೆ ಕೊಡ್ತಾರೆ," ಎಂದ ಕನ್ನಡ ಸಂಘದ ಜಯಶೀಲ. ಅವನ ಹೋಟೆಲಿಗೆ ಕಾಳವ್ವ ಇಪ್ಪತ್ತು ವರ್ಷ ಜೋಳದ ರೊಟ್ಟಿ ಬಡಿದುಕೊಟ್ಟಿದ್ದಳು. "ಕೆಳಗೆ ಗಾಡಿಯವ ಹಾರ್ನ್ ಹೊಡೀತಾ ಇದ್ದಾನೆ."

"ಸುಡುಗಾಡದಾಗ ಹೇಳೂದು ಇಕಿಗೆ ಹೆಂಗ ಕೇಳಸ್ಬೇಕ್ರಿ?" ಎಂದಳು ಚಂದ್ರಬಾಯಿ. " ತಾಯಿ ಮಾಡಿದ್ದು ಮಗಳು ಉಂಡ್ಲು. ಗ್ರಹಣದಾಗ ಈಳಿಗಿ ಮುಟ್ಟಬ್ಯಾಡ ಅಂದ್ರ ಕೇಳಿದ್ಲೇನು? ಸತ್ತಾಕಿ ಮುಂದ ಅನಬಾರ್ದು, ಆದ್ರ..."

ಚನ್ನುವಿನ ತಾಯಿ ಪ್ರಭಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಾಳವ್ವನಿಗೆ ಒಬ್ಬಳೇ ನಾದಿನಿ. ಇಷ್ಟು ವರ್ಷ ಈ ಮಾತಿಗೆ ಅವಳೂ ತಲೆಯಾಡಿಸಿದ್ದಳು.

*

ಇಪ್ಪತ್ತೊಂಬತ್ತು, ಮೂವತ್ತು ವರ್ಷದ ಹಿಂದಿನ ಮಾತು. ಆ ಸಲ ದೀಪಾವಳಿ ಅಮಾವಾಸ್ಯೆಗೇ ಸೂರ್ಯಗ್ರಹಣ. ಅದಕ್ಕೆ ಐದು ದಿನ ಮೊದಲು ಕಾಳವ್ವನ ಕಳ್ಳ ಕುಬಸ. ಮೂರನೇ ತಿಂಗಳಲ್ಲಿ, ಹೊರಗಿನವರಿಗೆ ತಿಳಿಸದೆ ನಾಲ್ಕು ಹೆಂಗಸರು ಸೇರಿ ಉಡಿ ತುಂಬುವುದು; ಗಂಡಾಗಲೆಂದು ಒಂದು ಗಂಡುಕೂಸನ್ನು ಬಸುರಿಯ ತೊಡೆಯ ಮೇಲೆ ಕೂರಿಸುವುದು. ತನ್ನ ಮಗನೇ ಕೂರಬೇಕೆಂದು ಪ್ರಭಾ ಕಲ್ಯಾಣದಿಂದ ಎರಡು ವರ್ಷದ ಚನ್ನುವನ್ನು ಎತ್ತಿಕೊಂಡು ಬಂದಿದ್ದಳು. ಬೆಳಿಗ್ಗೆಯೇ ಅವನ ಮೈ ಬೆಚ್ಚಗಿತ್ತು. ಕೆನ್ನೆಯ ಮೇಲೆ, ಕಿವಿಯ ಹಿಂದೆ ಸಣ್ಣ ಕೆಂಪು ಗುಳ್ಳೆ. ತಿಳಿದರೆ ಚಂದ್ರಬಾಯಿಯ ಮಗನನ್ನು ಕೂರಿಸುತ್ತಾರೆ. ಬಚ್ಚಲಿಗೆ ಒಯ್ದು ಮುಖಕ್ಕೂ ಕುತ್ತಿಗೆಗೂ ದಪ್ಪಗೆ ಪೌಡರ್ ಬಳಿದಳು.

"ಏನವಾ ಪ್ರಭಾ, ನಿನ್ನ ಮಗ ಹಿಟ್ಟಿನ ಡಬ್ಬ್ಯಾಗ ಬಿದ್ದಾನೇನು?" ಕಾಳವ್ವ ನಕ್ಕು, ಅವನ ಕೆನ್ನೆಗೆ ಕೆನ್ನೆ ಒತ್ತಿದ್ದಳು.

ಎರಡು ವಾರದ ಮೇಲೆ ಅವಳಿಗೆ ಸಣ್ಣ ಜ್ವರ ಬಂತು. ಮೈಯೆಲ್ಲ ಕೆಂಪಗೆ ಎದ್ದು ಮೂರು ದಿನಕ್ಕೆ ತಾನೇ ಹೋಯಿತು. ಯಾರೂ ಲಕ್ಷ್ಯ ಕೊಡಲಿಲ್ಲ. ಹುಟ್ಟಿದ ಕೂಸು ವರ್ಷವಾದರೂ ಸದ್ದಿಗೆ ತಿರುಗದಿದ್ದಾಗ ಮನೆಯವರಿಗೆ ನೆನಪಾದದ್ದು ಗ್ರಹಣ. ಹಬ್ಬಕ್ಕೆಂದು ಉಳಿದಿದ್ದ ಚನ್ನು ಹಸಿದು ಅಳುತ್ತಾನೆಂದು ಕಾಳವ್ವ ಆ ಹೊತ್ತಿನಲ್ಲಿ ಬಟಾಟೆ ಹೆಚ್ಚಿದ್ದಳು.

ಅಂದಿನಿಂದ ಪ್ರತಿ ಗ್ರಹಣಕ್ಕೂ ಕಾಳವ್ವ ನೀರು ಕೂಡ ಮುಟ್ಟದೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಹನ್ನೆರಡು ವರ್ಷ ಮಗಳನ್ನು ಲೋಕಲ್‌ನಲ್ಲಿ ಠಾಣೆಯ ಕಿವುಡರ ಶಾಲೆಗೆ ಒಯ್ದು, ಬಿಡುವ ತನಕ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಮಗಳು ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಳು, ಮಹಾಪೆಯಲ್ಲಿ ನೌಕರಿಯನ್ನೂ ಹಿಡಿದಳು. ಯಾರಾದರೂ ಹೊಗಳಿದರೆ ಕಾಳವ್ವ, "ನಾ ಕೆಡಿಸಿದ್ದು, ನಾನ ನೆಟ್ಟಗ ಮಾಡಬೇಕಲ್ರಿ," ಎನ್ನುತ್ತಿದ್ದಳು.

*

ಹೋದ ವರ್ಷ ಸೊಸೆಯೊಂದಿಗೆ ಪ್ರಭಾ ಬೇಲಾಪುರದ ಡಾಕ್ಟರಮ್ಮನ ಬಳಿ ಹೋಗಿದ್ದಳು. ಬಸುರಾಗುವ ಮೊದಲೇ ರುಬೆಲ್ಲಾ ಲಸಿಕೆ ಹಾಕಿಸಿಕೊಳ್ಳಬೇಕು ಎಂದರು ಡಾಕ್ಟರಮ್ಮ. ಮಕ್ಕಳಿಗೆ ಬಂದರೆ ಹೆಚ್ಚೇನಿಲ್ಲ, ಸ್ವಲ್ಪ ಜ್ವರ, ಕೆಂಪು ಗುಳ್ಳೆ. ಮೊದಲ ತಿಂಗಳುಗಳಲ್ಲಿ ಬಸುರಿಗೆ ತಗುಲಿದರೆ ಮಾತ್ರ ಹೊಟ್ಟೆಯ ಕೂಸಿನ ಕಿವಿ, ಕಣ್ಣು, ಹೃದಯಕ್ಕೆ ಅಪಾಯ.

"ಮತ್ತ ಗ್ರಹಣ?" ಎಂದು ಪ್ರಭಾ ಕೇಳಿದಳು. ಡಾಕ್ಟರಮ್ಮ ನಕ್ಕರು.

ಮರುವಾರ, ಹೇಳಲೆಂದೇ ಡೊಂಬಿವಲಿಗೆ ಬಂದಳು. ಕಾಳವ್ವ ರೊಟ್ಟಿ ಬಡಿಯುತ್ತಿದ್ದಳು. "ಬಾರವಾ, ಬಿಸಿದು ತಿನ್ನು," ಎಂದಳು. ಪ್ರಭಾ ಎರಡು ರೊಟ್ಟಿ ತಿಂದು ವಾಪಸು ಹೋದಳು.

*

"ಹಿಡಿಯಪ್ಪಾ ಚನ್ನು," ಚಂದ್ರಬಾಯಿ ಅವಸರಿಸಿದಳು.

"ಅವನ ಕೈಯಾಗ ಕೊಡಬ್ಯಾಡ್ರಿ." ಪ್ರಭಾ ನೆಲ ನೋಡುತ್ತ ಹೇಳಿದಳು. "ನಮ್ಮ ವೈನಿದು ತಪ್ಪಿಲ್ಲ. ಕಳ್ಳ ಕುಬಸದ ದಿನ ಇವನ ಮೈಮ್ಯಾಗ ಕೆಂಪಗ ಎದ್ದಿತ್ತು. ಪೌಡರ್ ಹಚ್ಚಿ, ಮುಚ್ಚಿ, ನಾನ ತೊಡಿಮ್ಯಾಗ ಕೂಡ್ಸಿದೆ. ಆ ಬ್ಯಾನಿ ಅಕಿಗೆ ಹತ್ತಿ ಕೂಸಿನ ಕಿವಿ ಹೋದವು."

"ಮಮ್ಮಿ, ಕ್ಯಾ ಬೋಲ್ ರಹೀ ಹೋ?" ಚನ್ನುವಿನ ಕೈಯಿಂದ ಹಗ್ಗ ಜಾರಿತು.

"ನನ್ನ ಯತಿನ್ ಅಲ್ಲೇ ಇದ್ದನಲ್ಲವಾ ಅವತ್ತು," ಎಂದಳು ಚಂದ್ರಬಾಯಿ, ಮೆಲ್ಲಗೆ.

ನೇತ್ರಾ ಒಬ್ಬೊಬ್ಬರ ಮುಖ ನೋಡಿದಳು. ಅತ್ತೆ ತಲೆ ತಗ್ಗಿಸಿದ್ದರಿಂದ ತುಟಿ ಕಂಡಿರಲಿಲ್ಲ. ಹತ್ತಿರ ಬಂದು ಅವಳ ಗದ್ದ ಹಿಡಿದು ಎತ್ತಿದಳು.

"ಮತ್ತ ಹೇಳು."

ಪ್ರಭಾ ಮತ್ತೆ ಹೇಳಿದಳು. ಒಂದೊಂದೇ ಮಾತು, ಬಾಯಿ ಅಗಲಿಸಿ. ನೇತ್ರಾಳಿಗೆ 'ಪೌಡರ್' ತಿಳಿಯಲಿಲ್ಲ. ಎಲ್ಲರ ಎದುರು ಪ್ರಭಾ ತನ್ನ ಕೆನ್ನೆಗೆ ಅಂಗೈ ಉಜ್ಜಿ ತೋರಿಸಿದಳು. ಆಗಲೂ ತಿಳಿಯಲಿಲ್ಲ. ಮತ್ತೆ ಉಜ್ಜಿದಳು.

ನೇತ್ರಾ ಬಹಳ ಹೊತ್ತು ಆ ಕೆನ್ನೆಯನ್ನೇ ನೋಡಿದಳು.

"ಅವ್ವಗ ಹೇಳಿದಿ?"

ಪ್ರಭಾ ಇಲ್ಲವೆಂದು ತಲೆಯಾಡಿಸಿದಳು.

ನೇತ್ರಾ ಗದ್ದ ಬಿಟ್ಟು, ಮಡಕೆ ಎತ್ತಿಕೊಂಡು ಮೆಟ್ಟಿಲಿಳಿದಳು. ಯಾರೂ ತಡೆಯಲಿಲ್ಲ.

ಎಲ್ಲರ ಹಿಂದೆ ಪ್ರಭಾ ಕೆಳಗೆ ಬರುವಾಗ ಚಟ್ಟ ಏರಿಸಿ ಗಾಡಿಯ ಬಾಗಿಲು ಹಾಕಿಯಾಗಿತ್ತು. ಗಾಜಿನ ಆಚೆ ನೇತ್ರಾ ತಾಯಿಯ ಕಿವಿಯ ಮೇಲಿನ ಸೆರಗು ಸರಿಸಿ, ಅಲ್ಲಿಗೇ ಬಾಯಿ ಹಚ್ಚಿ ಏನೋ ಹೇಳುತ್ತಿದ್ದಳು. ಗಾಡಿ ಹೊರಟಿತು. ಗೇಟು ದಾಟುವ ತನಕ ಅವಳ ತುಟಿಗಳು ಆಡುತ್ತಲೇ ಇದ್ದವು. ಪ್ರಭಾಳಿಗೆ ಒಂದು ಮಾತೂ ತಿಳಿಯಲಿಲ್ಲ.