ಗುಳ್ಳೆ ಅಕ್ಕನ ಪಾಳಿ

ತನ್ನ ಪಾಳಿಯಲ್ಲಿ ಬಾಟಲಿಯ ಗುಳ್ಳೆ ನಿಂತದ್ದೇ ಇಲ್ಲ ಎಂದು ಹಿರಿಯ ನರ್ಸ್ ಹೇಳಿಕೊಳ್ಳುತ್ತಿದ್ದಳು. ದಿನ ತುಂಬದೆ ಹುಟ್ಟಿದ ಕೂಸುಗಳ ಕೋಣೆ ಅದು. ಉಸಿರಾಟಕ್ಕೆಂದು ಗಂಟಲೊಳಗೆ ಏನನ್ನೂ ಇಳಿಸುವುದಿಲ್ಲ. ಮೂಗಿನ ಹೊಳ್ಳೆಗಳಿಗೆ ಎರಡು ಪುಟ್ಟ ಕೊಳವೆ ಸಿಕ್ಕಿಸಿ ಗಾಳಿ ಹಾಯಿಸುತ್ತಾರೆ. ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ ಮುಳುಗಿರುತ್ತದೆ. ನೀರು ಗುಳುಗುಳು ಎನ್ನುತ್ತಿದ್ದರೆ ಎಳೆಯ ಶ್ವಾಸಕೋಶಕ್ಕೆ ಒತ್ತಾಸೆ ಸಿಗುತ್ತಿದೆ ಎಂದು ಲೆಕ್ಕ. ಕಿರಿಯರು ಅವಳಿಗೆ ಗುಳ್ಳೆ ಅಕ್ಕ ಎಂದೇ ಹೆಸರಿಟ್ಟಿದ್ದರು. ಅವಳು ಕೇಳಿಯೂ ಕೇಳದಂತಿರುತ್ತಿದ್ದಳು, ಒಳಗೊಳಗೇ ಖುಷಿ.

ಆವತ್ತು ಬೆಳಗಿನಿಂದ ಮೂರನೇ ತೊಟ್ಟಿಲಿನ ಗುಳ್ಳೆ ಕಣ್ಣಾಮುಚ್ಚಾಲೆ ಆಡುತ್ತಿತ್ತು. ಕೊಳವೆ ಆ ಮೂಗಿಗೆ ಸಣ್ಣದಾಗಿದ್ದರಿಂದ ಗಾಳಿ ಸೋರುತ್ತಿತ್ತು. ದೊಡ್ಡ ಅಳತೆಯದನ್ನು ಉಗ್ರಾಣದಿಂದ ತರಿಸಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆಂದು ಅವಳು ಇದ್ದುದನ್ನೇ ಮೂಗಿಗೆ ಒತ್ತಿ, ಕೊಳವೆಯನ್ನು ಹಿಡಿದಿಡುವ ಟೋಪಿಯ ದಾರ ಬಿಗಿದಳು. ಕೊಳವೆಯ ಬುಡಕ್ಕೂ ಮೂಗಿನ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟಾದರೂ ಸಂದು ಇರಲೇಬೇಕೆಂದು ಎಷ್ಟೋ ಹುಡುಗಿಯರಿಗೆ ಕಲಿಸಿದವಳು ಅವಳೇ. ನೀರು ಗುಳುಗುಟ್ಟತೊಡಗಿತು. ಅವಳು ಮುಂದಿನ ತೊಟ್ಟಿಲಿಗೆ ಹೋದಳು.

ಕೂಸಿನ ತಾಯಿ ಬಟ್ಟೆ ಹೊಲಿಯುವವಳು. ಮೂಗು ಕೆಂಪಾದಂತಿದೆ ಎಂದು ಮೆಲ್ಲಗೆ ಹೇಳಿದಳು. ಮಧ್ಯಾಹ್ನ ಇನ್ನೊಮ್ಮೆ ಹೇಳಿದಳು.

"ನರ್ಸ್ ನಾನೋ ನೀನೋ? ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯ್ತು."

ಅಕ್ಕಪಕ್ಕದ ತಾಯಂದಿರು ನಕ್ಕರು. ಹೊಲಿಗೆಯವಳೂ ನಗಲು ನೋಡಿದಳು.

ಸಂಜೆ ಡಾಕ್ಟರಮ್ಮ ಕೊಳವೆ ಸರಿಸಿದರೆ ಹೊಳ್ಳೆಗಳ ನಡುವಿನ ಚರ್ಮ ಸುಲಿದು ಹಸಿಯಾಗಿತ್ತು. ಇಷ್ಟು ಒತ್ತಿದ್ದು ಯಾರು ಎಂದು ಕೇಳಿದರು. ತಾಯಂದಿರು ಕೈ ಹಾಕುವುದುಂಟು ಎಂಬ ಮಾತು ಗುಳ್ಳೆ ಅಕ್ಕನ ಬಾಯಿಂದ ಜಾರಿತು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಹಾಗಾದರೆ ನಾಳೆಯಿಂದ ಈ ತಾಯಿ ಗಾಜಿನಾಚೆಯಿಂದಲೇ ಮಗುವನ್ನು ನೋಡಲಿ ಎಂದು ಡಾಕ್ಟರಮ್ಮ ಪೆನ್ನು ತೆಗೆದರು.

ತಾಯಿ ವಾದಿಸಲಿಲ್ಲ. ತನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ತಲೆ ಸವರುವಾಗ ನನ್ನ ಕೈಯೇ ತಾಗಿತೇನೋ ಡಾಕ್ಟರಮ್ಮ. ಸೂಜಿ ಹಿಡಿದು ಹಿಡಿದು ಒರಟಾಗಿದೆ."

ಅವಳು ಅದನ್ನು ನಿಜವೆಂದೇ ನಂಬಿದ್ದಳು. ಬೈದಿದ್ದರೆ, ಅತ್ತು ರಂಪ ಮಾಡಿದ್ದರೆ ಗುಳ್ಳೆ ಅಕ್ಕ ತಡೆದುಕೊಳ್ಳುತ್ತಿದ್ದಳೇನೋ. ಈಗ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಇಪ್ಪತ್ತು ವರ್ಷದ ಹೆಸರು ಹೋಗುತ್ತದೆ ಎಂದು ಒಂದು ಮನಸ್ಸು ಗೊಣಗಿತು. ಪೆನ್ನು ಕಾಗದಕ್ಕೆ ತಾಗುವುದರಲ್ಲಿತ್ತು.

"ಅವಳಲ್ಲ. ಒತ್ತಿದ್ದು ನಾನು. ಎರಡು ಸಲ ಹೇಳಿದಳು, ನಾನೇ ಬಾಯಿ ಮುಚ್ಚಿಸಿದೆ."

ಡಾಕ್ಟರಮ್ಮ ಕೂಗಾಡಲಿಲ್ಲ. ಅದನ್ನು ನಿನ್ನ ಕೈಯಾರೆ ದಾಖಲೆಯಲ್ಲಿ ಬರೆ, ಈ ತೊಟ್ಟಿಲನ್ನು ಕಿರಿಯವಳಿಗೆ ವಹಿಸು ಎಂದಷ್ಟೇ ಹೇಳಿ ಹೋದರು. ಉಗ್ರಾಣದಿಂದ ಸರಿಯಾದ ಅಳತೆಯ ಕೊಳವೆ ಬಂತು. ಕಿರಿಯವಳು ಗಾಯಕ್ಕೆ ಮದ್ದು ಹಚ್ಚಿ ಅದನ್ನು ಕೂರಿಸಿದಳು.

ಬರೆದು ಮುಗಿಸಿ ಗುಳ್ಳೆ ಅಕ್ಕ ಬಂದು ನಿಂತಳು. "ತಪ್ಪಾಯ್ತು ಕಣಮ್ಮ."

ಹೊಲಿಗೆಯವಳು ಸ್ಟೂಲನ್ನು ಎಳೆದು, ತೊಟ್ಟಿಲಿಗೂ ಗುಳ್ಳೆ ಅಕ್ಕನಿಗೂ ನಡುವೆ ಹಾಕಿಕೊಂಡು ಕೂತಳು.